ಯಲ್ಲಾ, ಬರ್ರಾ

ದೆವ್ವದ ಕಥೆ ಶುರುವಾದರೆ ನಾನು ಎದ್ದು ಹೋಗುವವನು. ಎದ್ದು ಹೋಗಲು ಜಾಗವಿಲ್ಲದಿದ್ದರೆ ಹೇಳುವವರ ಮುಖ ನೋಡಿಯೇ ನಕ್ಕುಬಿಡುವವನು. ಈ ಕಾರಣಕ್ಕೆ ನೆಂಟರಿಷ್ಟರಲ್ಲಿ ನನಗೆ ಅಷ್ಟು ಒಳ್ಳೆಯ ಹೆಸರಿಲ್ಲ. ಕುವೈತಿಗೆ ಬಂದ ಮೇಲೆ ನನ್ನ ಅಪನಂಬಿಕೆ ಇನ್ನೂ ಗಟ್ಟಿಯಾಯಿತು, ಯಾಕೆಂದರೆ ನನ್ನ ಕೆಲಸವೇ ಪೈಪುಗಳದ್ದು. ಶುವೈಖಿನ ಒಂದು ವರ್ಕ್‌ಶಾಪಿನಲ್ಲಿ ನೀರು ಕಾಯಿಸುವ, ಗಾಳಿ ತಣ್ಣಗೆ ಮಾಡುವ ಯಂತ್ರಗಳನ್ನು ಕೂರಿಸುವವರ ಮೇಲ್ವಿಚಾರಕ ನಾನು. ಗೋಡೆಯೊಳಗೆ ಯಾರೋ ಬಡಿಯುತ್ತಾರೆ, ಬಚ್ಚಲಲ್ಲಿ ಯಾರೋ ನರಳುತ್ತಾರೆ ಎಂದು ಹೆದರಿ ಕರೆದವರ ಮನೆಗಳಿಗೆಲ್ಲ ಹೋಗಿದ್ದೇನೆ. ಬಡಿಯುತ್ತಿದ್ದದ್ದು ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ, ನರಳುತ್ತಿದ್ದದ್ದು ಸವೆದ ವಾಷರ್. ಒಂದು ಸ್ಪ್ಯಾನರ್ ಹಿಡಿದು ಊರಿನ ಮಂತ್ರವಾದಿಗಳೆಲ್ಲ ಸೇರಿ ಬಿಡಿಸಿದ್ದಕ್ಕಿಂತ ಹೆಚ್ಚು ದೆವ್ವ ಬಿಡಿಸಿದ್ದೇನೆ ಎಂದು ಹೆಂಡತಿಯ ಹತ್ತಿರ ಕೊಚ್ಚಿಕೊಂಡದ್ದೂ ಉಂಟು.

ಅಂಥವನಿಗೆ ಕೆಲವು ವರ್ಷಗಳ ಹಿಂದೆ ಚಳಿಗಾಲದ ಒಂದು ಸಂಜೆ ಆದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ನೀವು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ನನ್ನದು ಒಂದೇ ವಿನಂತಿ, ಕೊನೆಯವರೆಗೆ ಓದಿ ಆಮೇಲೆ ನಗಿ.

ಕುವೈತ್ ಎಂದರೆ ಬರೀ ಬಿಸಿಲು ಎಂದು ಊರಿನವರ ಎಣಿಕೆ. ಜನವರಿಯಲ್ಲಿ ಇಲ್ಲಿ ಬೀಸುವ ಗಾಳಿ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ನೀರಿನ ಮೇಲಂತೂ ಚಳಿಗೆ ತೇವವೂ ಸೇರಿ ಎಲುಬಿನೊಳಗೆ ಹೋಗಿ ಕೂತುಬಿಡುತ್ತದೆ. ಅಂಥ ನೀರಿನ ಮೇಲೆ ಒಬ್ಬ ವಯಸ್ಸಾದ ಕುವೈತಿ ಯಜಮಾನನ ಹಳೆಯ ಮರದ ಬೋಟ್ ಒಂದಿತ್ತು. ಅವನ ಅಪ್ಪನ ಕಾಲದ್ದು, ಮಲಬಾರಿನ ಸಾಗುವಾನಿಯಲ್ಲಿ ಕಟ್ಟಿದ್ದಂತೆ. ಸಮುದ್ರಕ್ಕೆ ಹೋಗುವ ಕಾಲ ಮುಗಿದು ಅದು ಜೆಟ್ಟಿಯೊಂದರಲ್ಲಿ ಕಟ್ಟಿಹಾಕಿದ, ಹರಟೆಗೆ ಕೂರುವ ಬೈಠಕ್ಕಾಗಿತ್ತು. ಆ ಯಜಮಾನ ಇಂಗ್ಲೆಂಡಿಗೆ ಹೋದಾಗ ಅಲ್ಲಿ ಕಾಲುವೆಗಳ ಮೇಲೆ ಬೋಟಿನಲ್ಲೇ ಸಂಸಾರ ಮಾಡುವವರನ್ನು ನೋಡಿ ಬಂದಿದ್ದ. ಅವರ ಹಾಗೆ ತನ್ನ ಬೋಟಿಗೂ ಕಟ್ಟಿಗೆ ಉರಿಸುವ ಕಬ್ಬಿಣದ ಒಲೆ ಬೇಕು, ಒಲೆಯ ಬೆನ್ನಿಗೆ ನೀರಿನ ಬಾಯ್ಲರ್ ಇರಬೇಕು ಎಂದು ಹಟ ಹಿಡಿದು ಅಲ್ಲಿಂದಲೇ ತರಿಸಿದ. ಕೂರಿಸುವ ಕೆಲಸ ನಮ್ಮ ವರ್ಕ್‌ಶಾಪಿಗೆ ಬಂತು.

ಅದೇನೂ ಬ್ರಹ್ಮವಿದ್ಯೆಯಲ್ಲ. ನಮ್ಮ ಕಡೆಯ ಬಚ್ಚಲಿನ ಹಂಡೆಯನ್ನು ಸ್ವಲ್ಪ ಓದಿಸಿ ವಿಲಾಯಿತಿಗೆ ಕಳಿಸಿದರೆ ಹೇಗೋ ಹಾಗೆ. ಬೆಂಕಿಯ ಹಿಂದೆ ಒಂದು ನೀರಿನ ಪೆಟ್ಟಿಗೆ. ಅದರಲ್ಲಿ ಬಿಸಿಯಾದ ನೀರು ತಾನಾಗಿ ಮೇಲಿನ ಪೈಪಿಗೆ ಏರುತ್ತದೆ, ಕೋಣೆ ಕೋಣೆಯ ರೇಡಿಯೇಟರುಗಳಲ್ಲಿ ತನ್ನ ಬಿಸಿ ಬಿಟ್ಟು, ತಣ್ಣಗಾಗಿ ಕೆಳಗಿನ ಪೈಪಿನಲ್ಲಿ ಒಲೆಗೆ ವಾಪಸು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಒಂದು ನಿಯಮ ಉಂಟು. ಒಂದು ರೇಡಿಯೇಟರಿಗೆ ಮಾತ್ರ ವಾಲ್ವ್ ಇಡಬಾರದು. ಗ್ಯಾಸಿನ ಹಾಗೆ ಕಟ್ಟಿಗೆಯ ಬೆಂಕಿಯನ್ನು ತಿರುಪಿ ಆರಿಸಲಾಗುವುದಿಲ್ಲ, ಆದ್ದರಿಂದ ಬಿಸಿಗೆ ಹೊರಗೆ ಹೋಗಲು ಯಾರೂ ಮುಚ್ಚಲಾಗದ ಒಂದು ದಾರಿ ಬೇಕು. ಇಲ್ಲದಿದ್ದರೆ ನೀರು ಕುದಿದು ಬಾಯ್ಲರ್ ಒಡೆಯುತ್ತದೆ. ಆ ವಾಲ್ವಿಲ್ಲದ ರೇಡಿಯೇಟರನ್ನು ನಾನು ಬೇಕೆಂದೇ ಬೋಟಿನ ಮೂತಿಯಲ್ಲಿದ್ದ ಸಣ್ಣ ಕೋಣೆಯಲ್ಲಿ ಇಟ್ಟೆ. ಅದು ಕಾವಲಿನವನ ಕೋಣೆ. ಇಲ್ಲಿ ಕಾವಲಿನವನಿಗೆ ಹಾರಿಸ್ ಎನ್ನುತ್ತಾರೆ.

ಹಾರಿಸ್ ನಮ್ಮವನೇ, ಗಜೇಂದ್ರಗಡದ ಕಡೆಯ ಯಲ್ಲಪ್ಪ. ಮನೆತನದ ಕಸುಬು ಕಂಬಳಿ ನೇಯುವುದು. ಏಜೆಂಟ್ ಅವನಿಗೆ, ಕುವೈತಿನಲ್ಲಿ ಬೆಂಕಿಯಂಥ ಬಿಸಿಲು, ಕಂಬಳಿ ಹೊತ್ತುಕೊಂಡು ಹೋದರೆ ನಗುತ್ತಾರೆ ಎಂದಿದ್ದನಂತೆ. ತಾನೇ ನೇಯ್ದ ಕಂಬಳಿಯನ್ನು ಮನೆಯ ಗೂಟಕ್ಕೆ ಹಾಕಿ ಬರಿಗೈಯಲ್ಲಿ ಬಂದವನು ಎರಡು ತೆಳ್ಳಗಿನ ಚಾದರ ಹೊದ್ದು ಸಮುದ್ರದ ಮೇಲೆ ಮಲಗುತ್ತಿದ್ದ. ರೇಡಿಯೇಟರ್ ಗೋಡೆಗೆ ಕೂತ ದಿನ ಅವನು ಅದಕ್ಕೆ ಬೆನ್ನು ಒರಗಿಸಿ ನೋಡಿದ. "ಇದು ಯಾವಾಗ ಬಿಸಿ ಆಗತೈತ್ರಿ ಸರ?" ಎಂದು ಕೇಳಿದ. ನಾಳೆ ಒಲೆ ಹಚ್ಚಿದ ಕೂಡಲೇ ಎಂದೆ.

ಬೋಟಿನ ಉಸ್ತುವಾರಿ ಯಜಮಾನನ ಕಚೇರಿಯ ಮ್ಯಾನೇಜರದು. ಅರಬ್ಬಿಯಲ್ಲಿ ಮ್ಯಾನೇಜರಿಗೆ ಮುದೀರ್ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಕುಂದಾಪುರದ ಕಡೆಯವರು. ನನ್ನ ಹತ್ತಿರ ಊರಿನ ಕನ್ನಡ, ಸಭೆಯಲ್ಲಿ ಮೈಕು ಸಿಕ್ಕಿದರೆ ಪುಸ್ತಕದ ಕನ್ನಡ, ಮಾತೃಭಾಷೆಯ ವಿಷಯ ಬಂದರೆ ಗಂಟಲು ಕಟ್ಟುವುದೂ ಉಂಟು. ಆದರೆ ಯಲ್ಲಪ್ಪನೆದುರು ಅವರ ಬಾಯಿಂದ ಒಂದು ಕನ್ನಡ ಶಬ್ದ ಬಂದದ್ದನ್ನು ನಾನು ಕೇಳಿಲ್ಲ. ಅವನೊಂದಿಗೆ ಬರೀ ಅರಬ್ಬಿ, ಅದೂ ಕೈಸನ್ನೆಯ ಜೊತೆ. ಭಾಷೆ ಗೊತ್ತು ಅಂತಾದರೆ ತಲೆ ಮೇಲೆ ಕೂತ್ಕೊಳ್ತಾರೆ ಎಂಬುದು ಅವರ ಸಿದ್ಧಾಂತ. ತನ್ನ ಮುದೀರ್ ಕನ್ನಡದವರೆಂಬ ಸಂಗತಿಯೇ ಆ ಬಡಪಾಯಿಗೆ ಬಹಳ ದಿನ ಗೊತ್ತಿರಲಿಲ್ಲ.

ಕೆಲಸ ನೋಡಲು ಬಂದ ಮುದೀರ್ ಮೂತಿಯ ಕೋಣೆಗೆ ಇಣುಕಿ ಹುಬ್ಬು ಗಂಟು ಹಾಕಿದರು.

"ಹಾರಿಸಿಗೆ ರೇಡಿಯೇಟರಾ? ನಾಳೆ ಟೀವಿ ಕೇಳ್ತ ಅಂವ. ತೆಗಿ ಮಾರಾಯ ಅದನ್."

"ಬಿಸಿ ಹೋಗ್ಲಿಕ್ಕೆ ಒಂದು ದಾರಿ ಬೇಕೇ ಬೇಕು ಸಾರ್, ಇಲ್ಲಾಂದ್ರೆ ಬಾಯ್ಲರ್ ಒಡೀತದೆ," ಎಂದೆ.

"ದಾರಿ ಬಚ್ಚಲಿಗೆ ಮಾಡ್. ಟವೆಲ್ ಆದ್ರೂ ಒಣಗ್ತ್."

ನನಗೆ ಸಿಟ್ಟು ಬಂತು. ಬಚ್ಚಲಿಗೆ ಬೇಕಾದರೆ ಇನ್ನೊಂದು ಹಾಕುತ್ತೇನೆ, ಇದ್ದದ್ದನ್ನು ಕತ್ತರಿಸುವ ಕೆಲಸ ನನ್ನಿಂದಾಗದು ಎಂದು ಹೇಳಿ ಬಂದೆ. ಅವರೇನು ಬಿಡುವ ಆಸಾಮಿಯೇ? ಬೇರೆ ಗ್ಯಾರೇಜಿನ ವೆಲ್ಡರನನ್ನು ಕರೆಸಿ, ಬಚ್ಚಲಿಗೆ ವಾಲ್ವಿಲ್ಲದ ಇನ್ನೊಂದನ್ನು ಹಾಕಿಸಿ, ಮೂತಿಗೆ ಹೋಗುವ ಎರಡೂ ಪೈಪುಗಳನ್ನು ತುಂಡರಿಸಿದರು. ಮೊಳದುದ್ದ ಪೈಪು ತೆಗೆದು ತುದಿಗಳಿಗೆಲ್ಲ ಮುಚ್ಚಳ ಬೆಸೆದರು. ಮರುವಾರ ನಾನೇ ಬಗ್ಗಿ, ಟಾರ್ಚ್ ಹಾಕಿ, ಒಂದೊಂದು ಬೆಸುಗೆಯನ್ನೂ ಬೆರಳಿಂದ ಮುಟ್ಟಿ ನೋಡಿದ್ದೇನೆ. ಒಳ್ಳೆಯ ಕೆಲಸವೇ. ಗೋಡೆಯ ರೇಡಿಯೇಟರನ್ನು ಮಾತ್ರ ತೆಗೆಯಲಿಲ್ಲ, ತೆಗೆದರೆ ಹಳೆಯ ಸಾಗುವಾನಿಯಲ್ಲಿ ತೂತುಗಳು ಕಾಣುತ್ತವೆಂದು. ಎಲ್ಲಿಗೂ ಸೇರದೆ, ಒಳಗೆ ಒಂದಿಷ್ಟು ತಣ್ಣೀರು ತುಂಬಿಕೊಂಡು ಅದು ಅಲ್ಲೇ ನೇತಾಡುತ್ತಿತ್ತು. ಯಲ್ಲಪ್ಪ ಆಮೇಲೂ ಅದಕ್ಕೇ ಬೆನ್ನು ಕೊಟ್ಟು ಕೂರುತ್ತಿದ್ದ. ಯಾವಾಗ ಬಿಸಿ ಆಗತೈತ್ರಿ ಎಂದು ಕೇಳಿದರೆ ನಾನು, ನೋಡುವ, ಎನ್ನುತ್ತಿದ್ದೆ.

ಯಜಮಾನ ಬೋಟಿಗೆ ಬರುತ್ತಿದ್ದದ್ದೇ ಅಪರೂಪ. ಅವನಿಲ್ಲದ ಗುರುವಾರಗಳಲ್ಲಿ ಮುದೀರ್ ತನ್ನ ಬಳಗವನ್ನು ಕರೆಯುತ್ತಿದ್ದರು. ಎಲ್ಲರೂ ನಮ್ಮ ಕಡೆಯವರೇ, ಓದಿದವರು, ಹೆಂಡತಿ ಮಕ್ಕಳನ್ನು ಇಲ್ಲಿಗೆ ಕರೆಸಿಕೊಂಡವರು. ಒಲೆ ಹೊಸದಾದ್ದರಿಂದ ಮೊದಮೊದಲು ನನ್ನನ್ನೂ ಕರೆದು ಕೂರಿಸಿಕೊಳ್ಳುತ್ತಿದ್ದರು. ಅಂಥ ಒಂದು ಸಂಜೆ ಯಲ್ಲಪ್ಪ ಕಟ್ಟಿಗೆಯ ಹೊರೆ ತಂದು ಬಾಗಿಲಲ್ಲಿ ಇಳಿಸಿ, ಬೆಂಕಿಯನ್ನೇ ನೋಡುತ್ತ ಒಂದು ಕ್ಷಣ ಹೆಚ್ಚೇ ನಿಂತ. ಮುದೀರ್ ನೊಣ ಓಡಿಸುವ ಹಾಗೆ ಕೈ ಬೀಸಿ ಗದರಿದರು.

"ಯಲ್ಲಾ, ಬರ್ರಾ!"

ಗಲ್ಫಿನಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಯಲ್ಲಾ ಎಂದರೆ ನಡಿ, ಬೇಗ. ಬರ್ರಾ ಎಂದರೆ ಹೊರಗೆ. ನಡಿ ಆಚೆ, ಅಷ್ಟೇ. ಯಲ್ಲಪ್ಪನ ಮುಖ ಮಾತ್ರ ದೀಪ ಹಚ್ಚಿದಂತಾಯಿತು. ಅವನು ಚಪ್ಪಲಿ ಕಳಚಿಟ್ಟು, ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ನೇರ ಒಳಗೆ ಬಂದ. ಒಲೆಯ ಪಕ್ಕ ಕೈಮುಗಿದು ನಿಂತ.

"ಕರದ್ರೇನ್ರೀ ಸರ?"

ಕೂತವರಲ್ಲಿ ಒಬ್ಬರಿಗೆ ಅರ್ಥವಾಗಿ ನಗು ಸ್ಫೋಟಿಸಿತು, ಅವರು ಇನ್ನೊಬ್ಬರಿಗೆ ಹೇಳಿದರು, ಬೋಟೇ ಅಲುಗುವಷ್ಟು ನಕ್ಕರು. ನನಗೂ ಮೊದಲು ನಗು ಬಂದದ್ದು ನಿಜ. ಅವನ ಕಿವಿಗೆ ಅದು ಶುದ್ಧ ಕನ್ನಡ. ಊರಿನಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಯಲ್ಲಾ ಎಂದು. ಬರ್ರಾ ಎಂಬುದು ಅವನಿಗೆ ಬರ್ರೀ ಎಂದ ಹಾಗೆ. ಮರುದಿನ ನನ್ನನ್ನು ಕಂಡು ಖುಷಿಯಿಂದ, "ಸಾಹೇಬ್ರು ನಮ್ ಕನ್ನಡ ಕಲ್ತಾರ ನೋಡ್ರಿ. ಹೆಸರ ಹಿಡದು ಕರದು, ಮ್ಯಾಲ ಬರ್ರೀ ಅಂತ ಮರ್ಯಾದಿನೂ ಕೊಟ್ರು," ಎಂದ. ಅವನ ಸಂತೋಷ ನೋಡಿ ಆ ದಿನ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ.

ಅಂದಿನಿಂದ ಅದೊಂದು ಆಟವಾಯಿತು. ಅರಬ್ಬಿಯೂ ಕನ್ನಡವೂ ಗೊತ್ತಿದ್ದವರಿಗೆ ಮಾತ್ರ ರುಚಿಸುವ ಆಟ, ಹಾಗಾಗಿ ಆಡಿದವರೆಲ್ಲ ನಮ್ಮವರೇ. ಹೊಸ ಅತಿಥಿ ಬಂದರೆ ಮುದೀರ್, ಒಂದು ತಮಾಷೆ ಕಾಣಿ, ಎಂದು ಹೇಳಿ ಗಂಭೀರ ಮುಖ ಮಾಡಿ ಕೂಗುತ್ತಿದ್ದರು. ಯಲ್ಲಪ್ಪ ಚಪ್ಪಲಿ ಕಳಚಿ ಬರುತ್ತಿದ್ದ. ನಕ್ಕು ಮುಗಿದ ಮೇಲೆ ತೋರುಬೆರಳು ಬಾಗಿಲ ಕಡೆ ತಿರುಗುತ್ತಿತ್ತು. ನಾನು ನೆಪ ಹೇಳಿ ಗುರುವಾರ ಹೋಗುವುದನ್ನು ಬಿಟ್ಟೆ. ಕೊನೆಗೊಂದು ದಿನ ಜೆಟ್ಟಿಯಲ್ಲಿ ಅವನೊಬ್ಬನೇ ಸಿಕ್ಕಾಗ ಹೇಳಿಯೂಬಿಟ್ಟೆ.

"ಅದು ಕನ್ನಡ ಅಲ್ಲ ಯಲ್ಲಪ್ಪ. ಹೊರಗೆ ಹೋಗು ಅಂತ ಅರ್ಥ."

ಅವನು ನೀರನ್ನು ನೋಡುತ್ತ, "ಗೊತ್ತೈತ್ರಿ ಸರ. ಸಾಹೇಬ್ರ ಡ್ರೈವರ್ ಭಾಯಿ ಆಗಳೇ ಹೇಳ್ಯಾನ್ರಿ," ಎಂದ.

"ಮತ್ತೆ ಎಂತಕ್ಕೆ ಒಳಗೆ ಹೋಗುದು ನೀನು?"

"ಅವ್ರು ನಕ್ಕು ಮುಗಿಸೋತನಕ ಒಲಿ ಹಂತ್ಯಾಕ ನಿಂದ್ರಾಕ ಬಿಡ್ತಾರ್ರಿ. ಬೆನ್ನಿಗಿ ಒಂದೀಟು ಕಾವು ಹತ್ತತೈತ್ರಿ."

ಮರುದಿನವೇ ಖೈತಾನಿನ ನಮ್ಮ ಫ್ಲ್ಯಾಟಿನಿಂದ ಒಂದು ದಪ್ಪ ಕಂಬಳಿ ತಂದುಕೊಟ್ಟೆ. ಬೋಟಿನಲ್ಲಿ ಹಳೆಯ ಬಟ್ಟೆಯ ವಾಸನೆ ಬರುತ್ತದೆ ಎಂದು ಮುದೀರ್ ಅದನ್ನು ಜೆಟ್ಟಿಯ ಕಸದ ಡಬ್ಬಿಗೆ ಹಾಕಿಸಿದರಂತೆ.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಯಲ್ಲಪ್ಪ ಎದ್ದು ಬರಲಿಲ್ಲ. ಹಿಂದಿನ ಸಂಜೆ ಅತಿಥಿಗಳು ಹೋದ ಮೇಲೆ ಅವನು ಒಲೆಯಲ್ಲಿ ಉಳಿದ ಕೆಂಡವನ್ನು ಒಂದು ತಟ್ಟೆಯಲ್ಲಿ ತುಂಬಿಕೊಂಡು ತನ್ನ ಕೋಣೆಗೆ ಒಯ್ದಿದ್ದ. ಗಾಳಿ ಬರದಂತೆ ಸಣ್ಣ ಕಿಟಕಿಗೆ ಬಟ್ಟೆ ತುರುಕಿ ಬಾಗಿಲು ಹಾಕಿಕೊಂಡಿದ್ದ. ಕೆಂಡದ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಕೆಲಸ ಮುಗಿಸುತ್ತದೆ. ಡ್ರೈವರ್ ಬಾಗಿಲು ಒಡೆದಾಗ ಅವನು ಆ ತಣ್ಣನೆಯ ರೇಡಿಯೇಟರಿಗೆ ಬೆನ್ನು ಒರಗಿಸಿ ಕೂತಿದ್ದನಂತೆ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. "ಕೆಂಡ ಒಳ್ಗೆ ತಕಂಡ್ ಹೋಪುಕಾಗ ಅಂದೇಳಿ ಹೇಳಿದ್ದೆ ಮಾರಾಯ," ಎಂದು ಮುದೀರ್ ಸಿಕ್ಕಿದವರಿಗೆಲ್ಲ ಹೇಳಿದರು. ಹೇಳಿದ್ದರು, ಸುಳ್ಳಲ್ಲ. ಸತ್ತವನು ಪೆಟ್ಟಿಗೆಯಲ್ಲಿ ಊರಿಗೆ ಹೋದ, ಅವನ ಕೋಣೆ ಲೈಫ್ ಜಾಕೆಟ್ ಮತ್ತು ಸೋಡಾ ಕ್ಯಾನುಗಳ ಗೋದಾಮಾಯಿತು. ಎರಡು ವಾರಗಳ ಮೇಲೆ ಗುರುವಾರದ ಕೂಟ ಮತ್ತೆ ಶುರುವಾದಾಗ ಒಬ್ಬರು, ಛೇ, ಆ ಆಟ ಇಲ್ಲದೆ ಬೋರ್ ಆಗ್ತದೆ, ಎಂದರೆಂದು ನನಗೆ ಆಮೇಲೆ ಗೊತ್ತಾಯಿತು.

ನಾನು ಹೇಳಹೊರಟ ಸಂಜೆ ಇದಾದ ಮೇಲೆ ಬಂದದ್ದು. ಆ ದಿನ ಮಧ್ಯಾಹ್ನವೇ ಸಮುದ್ರದಿಂದ ಮಂಜು ಎದ್ದು ದಾರಿಯೇ ಕಾಣುತ್ತಿರಲಿಲ್ಲ. ಮುದೀರ್ ಫೋನ್ ಮಾಡಿದರು. ಮರುದಿನ ಯಜಮಾನ ಬರುವವನಿದ್ದ, ಒಲೆ ಬೆಳಿಗ್ಗೆಯಿಂದ ಉರಿಯುತ್ತಿದೆ, ಬೋಟ್ ಮಾತ್ರ ಮಂಜುಗಡ್ಡೆಯಾಗಿದೆ, ಕೂಡಲೇ ಬಾ ಎಂದರು. ಗಾಳಿ ಸಿಕ್ಕಿಕೊಂಡಿರಬೇಕು, ಹತ್ತು ನಿಮಿಷದ ಕೆಲಸ ಎಂದುಕೊಂಡು ಹೋದೆ. ಬೋಟಿನಲ್ಲಿ ಅವರೊಬ್ಬರೇ, ಮೇಲೆ ಕೋಟು, ಕಿವಿಗೆ ಮಫ್ಲರ್.

ಒಲೆ ನಿಗಿನಿಗಿ ಉರಿಯುತ್ತಿತ್ತು. ಬೈಠಕ್ಕಿನ ರೇಡಿಯೇಟರುಗಳನ್ನು ಮುಟ್ಟಿದೆ, ತಣ್ಣಗಿದ್ದವು. ಬಚ್ಚಲಿನದೂ ತಣ್ಣಗಿತ್ತು. ನನಗೆ ಮೊದಲು ಭಯವಾದದ್ದು ದೆವ್ವಕ್ಕಲ್ಲ, ಬಾಯ್ಲರಿಗೆ. ಅಷ್ಟು ಬೆಂಕಿಯ ಬಿಸಿ ಎಲ್ಲಿಗೂ ಹೋಗದಿದ್ದರೆ ಒಳಗೆ ನೀರು ಕೊತಕೊತ ಕುದಿಯಬೇಕು, ಪೈಪುಗಳು ಸುತ್ತಿಗೆ ಹೊಡೆದಂತೆ ಬಡಿದುಕೊಳ್ಳಬೇಕು. ಕಿವಿಯಿಟ್ಟು ಕೇಳಿದೆ. ಒಂದು ಸದ್ದಿಲ್ಲ. ಬಾಯ್ಲರ್ ಆರಾಮವಾಗಿತ್ತು. ಅಂದರೆ ಬಿಸಿ ಎಲ್ಲಿಗೋ ಸರಾಗವಾಗಿ ಹೋಗುತ್ತಿದೆ ಎಂದರ್ಥ. ವಿಷಗಾಳಿ ಅಳೆಯುವ ಯಂತ್ರ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡಿದೆ, ಸೊನ್ನೆ ತೋರಿಸಿತು. ಯಲ್ಲಪ್ಪ ಸತ್ತ ಮೇಲೆ ಬೋಟಿನಲ್ಲಿ ಹಾಕಿಸಿದ್ದ ವಿಷಗಾಳಿಯ ಅಲಾರಮ್ಮೂ ಸುಮ್ಮನಿತ್ತು. ಇದನ್ನು ನೆನಪಿಡಿ.

ಒಲೆಯಿಂದ ಹೊರಟ ಪೈಪನ್ನು ಅಂಗೈಯಿಂದ ಹಿಡಿದು ಹಿಂಬಾಲಿಸಿದೆ. ಬೈಠಕ್ಕಿಗೆ ತಿರುಗುವ ಕವಲು ತಣ್ಣಗೆ, ಬಚ್ಚಲಿನದು ತಣ್ಣಗೆ, ಮೂತಿಯ ಕಡೆ ಹೋಗುವ ಮೊಂಡು ಮಾತ್ರ ಕೈ ಸುಡುವಷ್ಟು ಬಿಸಿ. ಅದರ ತುದಿಯ ಮುಚ್ಚಳದವರೆಗೂ ಬಿಸಿ. ಮುಚ್ಚಳದ ಆಚೆ ಪೈಪೇ ಇಲ್ಲದ ಜಾಗದಲ್ಲಿ ಕೈ ಆಡಿಸಿದೆ, ಬರೀ ಚಳಿಗಾಳಿ. ಆ ಖಾಲಿ ದಾಟಿ ಆ ಕಡೆಯ ತುಂಡನ್ನು ಮುಟ್ಟಿದವನು ಕೈ ಹಿಂದಕ್ಕೆಳೆದುಕೊಂಡೆ. ಅದೂ ಸುಡುತ್ತಿತ್ತು. ಬೆಸುಗೆ ಒಣಗಿಯೇ ಇತ್ತು, ಒಂದು ತೊಟ್ಟು ನೀರು ಜಿನುಗಿರಲಿಲ್ಲ. ಹಾಗಿದ್ದೂ ಒಲೆಯ ಬಿಸಿಯಷ್ಟೂ, ಇಲ್ಲದ ಪೈಪನ್ನು ದಾಟಿ, ಆ ಕೋಣೆಗೆ ಹೋಗುತ್ತಿತ್ತು.

ಕೋಣೆಯ ಬಾಗಿಲು ತೆರೆದೆ. ನಸುಕಿನಲ್ಲಿ ಹಂಡೆಗೆ ಬೆಂಕಿ ಹಾಕಿದ ಬಚ್ಚಲುಮನೆಗೆ ಕಾಲಿಟ್ಟಂತಾಯಿತು. ರಟ್ಟಿನ ಪೆಟ್ಟಿಗೆಗಳ ಟೇಪು ಬಿಸಿಗೆ ಬಿಟ್ಟುಕೊಂಡಿತ್ತು, ಸೋಡಾ ಕ್ಯಾನುಗಳ ಹೊಟ್ಟೆ ಉಬ್ಬಿತ್ತು. ರೇಡಿಯೇಟರಿನ ಹತ್ತಿರಕ್ಕೂ ಕೈ ಒಯ್ಯಲಾಗಲಿಲ್ಲ. "ಸಾರ್, ಸ್ವಲ್ಪ ಬನ್ನಿ ಇಲ್ಲಿ," ಎಂದು ಕೂಗಿದೆ. ಮುದೀರ್ ಬಂದು ಹೊಸ್ತಿಲಲ್ಲಿ, ನನ್ನ ಎದುರಿಗೆ, ಒಂದು ಮಾರು ದೂರದಲ್ಲಿ ನಿಂತರು. ಬಿಸಿ ತಾಗಿ ಮಫ್ಲರ್ ಸಡಿಲಿಸಿದರು. "ಕತ್ತರಿಸಿದ್ದ್ ಅಲ್ದಾ ಇದ್?" ಎಂದು ಕೇಳಿದರು. ಹೌದು ಎಂದೆ.

ಆಗ ಕೇಳಿಸಿತು.

"ಯಲ್ಲಾ, ಬರ್ರಾ."

ಗೂಢವಾಗಿ, ನಡುಗುತ್ತ, ಎಲ್ಲೋ ದೂರದಿಂದ ಎಂದೆಲ್ಲ ಬರೆಯುತ್ತಾರಲ್ಲ, ಅದೇನೂ ಅಲ್ಲ. ಪಕ್ಕದಲ್ಲಿ ಕೂತವರು ಸಹಜವಾಗಿ ಹೇಳಿದ ಹಾಗಿತ್ತು. ಯಲ್ಲಪ್ಪನ ಧ್ವನಿಯೂ ಅಲ್ಲ. ಅದು ಮುದೀರರ ಧ್ವನಿ. ಗುರುವಾರಗಳಲ್ಲಿ ಗಂಭೀರ ಮುಖ ಮಾಡಿ ಕೂಗುತ್ತಿದ್ದರಲ್ಲ, ಅದೇ ರಾಗ, ಕೊನೆಯಲ್ಲಿ ಅದೇ ಎಳೆತ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರ ತುಟಿ ಅಲುಗಲಿಲ್ಲ. ಧ್ವನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ, ರೇಡಿಯೇಟರ್ ಇದ್ದ ಗೋಡೆಯ ಕಡೆಯಿಂದ.

ನನ್ನ ಮಟ್ಟಿಗೆ ಅದು ಅರಬ್ಬಿಯೇ. ಹೊರಗೆ ಹೋಗು ಎಂದರು, ನನ್ನ ಕಾಲು ಕೇಳಿತು. ಮುದೀರರನ್ನು ಒರಸಿಕೊಂಡೇ ದಾಟಿ ನಾನು ಮಂಜಿನಲ್ಲಿ ಡೆಕ್ಕಿನ ಮೇಲೆ ನಿಂತಿದ್ದೆ. ದಾಟುವಾಗ ಕಂಡದ್ದು ಇಷ್ಟು: ಅವರ ಮುಖದಲ್ಲಿ ಒಂದು ನಗು ಬಂದಿತ್ತು. ದೊಡ್ಡವರು ಹೆಸರು ಹಿಡಿದು ಕರೆದಾಗ ಬಡವನಿಗೆ ಬರುವ ನಗು. ಅವರು ಬಗ್ಗಿ ತಮ್ಮ ಬೂಟು ಬಿಚ್ಚುತ್ತಿದ್ದರು.

ಎರಡು ಭಾಷೆಯೂ ಬಲ್ಲ ಮನುಷ್ಯ ಅದನ್ನು ಕನ್ನಡವೆಂದು ಯಾಕೆ ಕೇಳಿಸಿಕೊಂಡರೋ, ದೇವರೇ ಬಲ್ಲ.

ಧೈರ್ಯ ಕೂಡಿಸಿಕೊಂಡು ಒಳಗೆ ಹೋದಾಗ ಬೈಠಕ್ಕಿನ ರೇಡಿಯೇಟರುಗಳೆಲ್ಲ ಬೆಚ್ಚಗಾಗಿದ್ದವು. ಮೂತಿಯ ಕೋಣೆಯಲ್ಲಿ ಬಾಯಿಂದ ಹಬೆ ಬರುವಷ್ಟು ಚಳಿ. ಕತ್ತರಿಸಿದ ಪೈಪು ತಣ್ಣಗೆ, ರೇಡಿಯೇಟರ್ ತಣ್ಣಗೆ. ಅದಕ್ಕೆ ಬೆನ್ನು ಒರಗಿಸಿ, ಬರಿಗಾಲಲ್ಲಿ, ಕೈಮುಗಿದುಕೊಂಡು ಮುದೀರ್ ಕೂತಿದ್ದರು. ನಗು ಹಾಗೇ ಇತ್ತು. ಎಬ್ಬಿಸಿದೆ, ಏಳಲಿಲ್ಲ. ಎತ್ತಿ ಕಾರಿಗೆ ಹಾಕಿಕೊಂಡು ಜಾಬ್ರಿಯಾದ ಒಂದು ಆಸ್ಪತ್ರೆಗೆ ಒಯ್ದೆ. ನನ್ನ ಹೆಂಡತಿ ಅಲ್ಲಿ ನರ್ಸ್. ವಿಷಗಾಳಿ ತಲೆಗೇರಿದೆ ಎಂದೇ ಅವಳೂ ಎಣಿಸಿದಳು, ರಕ್ತ ನೋಡಿದರು, ಏನೂ ಸಿಗಲಿಲ್ಲ. ಅದೇ ಗಾಳಿ ಕುಡಿದ ನನಗೂ ಏನೂ ಆಗಿರಲಿಲ್ಲ. ಮೆದುಳಿನ ಫೋಟೋದಲ್ಲೂ ದೋಷವಿರಲಿಲ್ಲ.

ಅಂದಿನಿಂದ ಆ ಮನುಷ್ಯನಿಗೆ ಚಳಿ ಬಿಡಲಿಲ್ಲ. ಜೂನ್ ತಿಂಗಳಲ್ಲಿ, ರಸ್ತೆಯ ಡಾಂಬರು ಕರಗುವ ಬಿಸಿಲಿನಲ್ಲಿ ಸ್ವೆಟರ್ ಹಾಕಿ ನಡುಗುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಯಾರು ಯಲ್ಲಾ ಎಂದರೂ ಅವರು ಎದ್ದು, ಚಪ್ಪಲಿ ಕಳಚಿ, ಅದೇ ನಗು ಮುಖಕ್ಕೆ ತಂದುಕೊಂಡು ಆ ಕಡೆ ನಡೆದುಬಿಡುತ್ತಿದ್ದರು. ಕುವೈತಿನಲ್ಲಿ ಯಲ್ಲಾ ಎನ್ನದವರು ಯಾರಿದ್ದಾರೆ? ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಸಿಗ್ನಲಿನಲ್ಲಿ ಇಡೀ ದಿನ ಅದೇ ಶಬ್ದ. ಒಮ್ಮೆ ಯಾರೋ ಅಪರಿಚಿತ ತನ್ನ ಮಗಳಿಗೆ ಯಲ್ಲಾ ಎಂದನೆಂದು ಅವನ ಕಾರಿನವರೆಗೆ ಹಿಂಬಾಲಿಸಿ ಹೋಗಿ ಒದೆ ತಿಂದರು. ಕಚೇರಿಯವರಿಗೆ ಇದು ಗೊತ್ತಾಗಲು ತಡವಾಗಲಿಲ್ಲ. ಚಹಾ ಕೊಡುವವನು ಕೂಡ ಬಾಗಿಲಲ್ಲಿ ನಿಂತು ಯಲ್ಲಾ, ಬರ್ರಾ ಎಂದು ಕರೆದು ನೋಡುತ್ತಿದ್ದನಂತೆ. ಗುರುವಾರದ ಬಳಗದವರೂ ಇದನ್ನು ಕಂಡಿದ್ದಾರೆ, ಅವರಲ್ಲಿ ನಗದವರು ಬಹಳ ಮಂದಿ ಇರಲಿಲ್ಲ. ಕೊನೆಗೆ ಮನೆಯವರು, ಆ ಶಬ್ದವೇ ಇಲ್ಲದ ಕಡೆಗೆ ಹೋದರೆ ಸರಿಹೋದೀತು ಎಂದು ಅವರನ್ನು ಊರಿಗೆ ಕರೆದುಕೊಂಡು ಹೋದರು.

ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಪೈಪಿನಲ್ಲಿ ಗಾಳಿ ಎಂದುಕೊಂಡರೆ ಪೈಪೇ ಇರಲಿಲ್ಲ. ಭ್ರಮೆ ಎಂದುಕೊಂಡರೆ ಉಬ್ಬಿದ ಕ್ಯಾನುಗಳಲ್ಲಿ ಒಂದನ್ನು ಚೀಲದಲ್ಲಿ ಹಾಕಿ ತಂದಿದ್ದೆ, ಇವತ್ತಿಗೂ ನನ್ನ ಹತ್ತಿರ ಉಂಟು. ನನ್ನನ್ನು ಹೊರಗೆ ಕಳಿಸಿದ ಮಾತು ಅವರನ್ನು ಒಳಗೆ ಕರೆದದ್ದು ಹೇಗೆ? ಆ ಮಾತು ದ್ವೇಷದ್ದೋ ಅಥವಾ ಬನ್ನಿ, ನೀವೂ ಒಂದಿಷ್ಟು ಬೆನ್ನು ಕಾಯಿಸಿಕೊಳ್ಳಿ ಎಂಬ ಉಪಚಾರದ್ದೋ? ಯಲ್ಲಪ್ಪನನ್ನು ಬಲ್ಲ ನನಗೆ ಎರಡನೆಯದೇ ಇದ್ದೀತು ಎನಿಸುತ್ತದೆ. ಹಾಗೆ ಎನಿಸಿದಾಗಲೇ ಹೆಚ್ಚು ಹೆದರಿಕೆಯಾಗುತ್ತದೆ.

ಮೊನ್ನೆ ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ನೋಡಿ ಬಂದೆ. ಹೊಸದಾಗಿ ಕಟ್ಟಿಸಿದ ತಾರಸಿ ಮನೆ, ಏಪ್ರಿಲ್ ತಿಂಗಳ ಸೆಕೆ. ಅವರು ಜಗಲಿಯಲ್ಲಿ ಶಾಲು ಹೊದ್ದು ಕೂತಿದ್ದರು. ನನ್ನ ಗುರುತು ಹತ್ತಲಿಲ್ಲ. ಊರಿಗೆ ಬಂದೂ ಪ್ರಯೋಜನವಾಗಲಿಲ್ಲ ಎಂದು ಅವರ ಹೆಂಡತಿ ಹೇಳಿದರು. ಅರಬ್ಬಿಯ ಯಲ್ಲಾ ಇಲ್ಲಿಲ್ಲ ನಿಜ. ಆದರೆ ನಮ್ಮ ಕನ್ನಡದಲ್ಲಿ ಎಲ್ಲಾ ಎನ್ನದೆ ಒಂದು ವಾಕ್ಯ ಮುಗಿಯುತ್ತದೆಯೇ? ಊಟಕ್ಕೆ ಎಲ್ಲಾ ಬನ್ನಿ ಎಂದರೆ ಸಾಕು, ಏಳುತ್ತಾರಂತೆ. ಹೆಸರು ಕೂಗಿದರೆ, ಮಗ ಕೈಹಿಡಿದು ಎಳೆದರೆ ಏಳುವುದಿಲ್ಲವಂತೆ. ಅಷ್ಟು ಹೇಳಿ ಆಕೆ ನನ್ನನ್ನು ಹಿತ್ತಲಿನ ಬಚ್ಚಲಿಗೆ ಕರೆದುಕೊಂಡು ಹೋದರು. ತಾಮ್ರದ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಇಡೀ ದಿನ ಉರಿಯುತ್ತಲೇ ಇರಬೇಕಂತೆ.

"ಒಂದ್ ಮಾತಿಗ್ ಮಾತ್ರ ಸರೀ ಬತ್ರ್, ಕಾಣಿ. ಅವ್ರ್ ನಿದ್ರೆಯಂಗೆ ಹೇಳುದ್ ಕೇಂಡ್ ನಾನ್ ಕಲ್ತದ್ದ್," ಎಂದರು. ಜಗಲಿಯ ಕಡೆ ತಿರುಗಿ, ಮಗುವನ್ನು ಕರೆಯುವಷ್ಟು ಅಕ್ಕರೆಯಿಂದ, ರಾಗ ಎಳೆದು ಕರೆದರು.

"ಯಲ್ಲಾ... ಬರ್ರಾ..."

ಅವರು ಬಂದರು. ಹೊಸ್ತಿಲಲ್ಲಿ ಚಪ್ಪಲಿ ಕಳಚಿದರು. ಒಲೆಗೆ ಬೆನ್ನು ಕೊಟ್ಟು, ಕೈಮುಗಿದು ನಿಂತರು. ಎಷ್ಟು ಹೊತ್ತು ನಿಂತರೂ ಬೆನ್ನು ಕಾಯುವುದೇ ಇಲ್ಲ, ಮುಟ್ಟಿ ನೋಡಿ ಎಂದು ಆಕೆ ಹೇಳಿದರು. ಮುಟ್ಟಿದೆ. ಆ ರೇಡಿಯೇಟರನ್ನು ಮುಟ್ಟಿದ ಹಾಗಿತ್ತು.

"ನೀವ್ ಅಲ್ಲೇ ಇಪ್ಪುವ್ರ್, ನಿಮ್ಗೆ ಗೊತ್ತಿಕ್ಕು. ಅರಬ್ಬಿಯಂಗೆ ಅದ್, ಒಳ್ಗೆ ಬನ್ನಿ ಅಂದೇಳಿ ಅಲ್ದಾ?" ಎಂದು ಆಕೆ ನನ್ನ ಮುಖ ನೋಡಿದರು.

ಹೌದು ಎಂದೆ.

"ಹಂಗಾರೆ ಒಳ್ಳೇದೇ ಆಯ್ತ್," ಎಂದು ಆಕೆ ಇನ್ನೊಂದು ಕಟ್ಟಿಗೆಯನ್ನು ಒಲೆಗೆ ತಳ್ಳಿದರು.